ತಂಡ ಏಳನೇ ಸ್ಥಾನಕ್ಕೆ, ಆಟಗಾರ ಮೊದಲ ಸ್ಥಾನಕ್ಕೆ: ಟ್ಯೂನ್ ಡಿ ನೋಯರ್ ಆಟದ ಲೆಕ್ಕ

2006ರಲ್ಲಿ ಜರ್ಮನಿಯಲ್ಲಿ ಪುರುಷರ ಹಾಕಿ ವಿಶ್ವಕಪ್ ನಡೆಯಿತು. ನೆದರ್ಲೆಂಡ್ಸ್ ತಂಡ ಏಳನೇ ಸ್ಥಾನಕ್ಕೆ ಜಾರಿತು. (ಭಾರತ ಹನ್ನೊಂದನೆಯದು. ಆ ಮಾತು ಈಗ ಬೇಡ.) ಅದೇ ವರ್ಷ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಜಗತ್ತಿನ ಶ್ರೇಷ್ಠ ಆಟಗಾರ ಎಂದು ಆರಿಸಿದ್ದು ಇದೇ ಏಳನೇ ಸ್ಥಾನದ ತಂಡದ ಟ್ಯೂನ್ ಡಿ ನೋಯರ್ ಅವರನ್ನು. ಅದೂ ಮೂರನೇ ಸಲ. 2003 ಮತ್ತು 2005ರಲ್ಲೂ ಆ ಪ್ರಶಸ್ತಿ ಅವರಿಗೇ ಹೋಗಿತ್ತು.

ಇನ್ನೊಂದು ವಿಚಿತ್ರ ನೋಡಿ. ಡಿ ನೋಯರ್ ಎರಡು ಒಲಿಂಪಿಕ್ ಚಿನ್ನ ಗೆದ್ದವರು: 1996ರ ಅಟ್ಲಾಂಟಾ, 2000ದ ಸಿಡ್ನಿ. ಆದರೆ ಆ ಎರಡೂ ಫೈನಲ್‌ಗಳ ಗೋಲು ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅಟ್ಲಾಂಟಾದಲ್ಲಿ ಸ್ಪೇನ್ ವಿರುದ್ಧ 3-1ರಿಂದ ಗೆದ್ದಾಗ ಫ್ಲೋರಿಸ್ ಯಾನ್ ಬೋವೆಲಾಂಡರ್ ಎರಡು ಗೋಲು, ಬ್ರಾಮ್ ಲೋಮನ್ಸ್ ಒಂದು ಗೋಲು ಹೊಡೆದಿದ್ದರು. ಸಿಡ್ನಿಯಲ್ಲಿ ದಕ್ಷಿಣ ಕೊರಿಯಾ ವಿರುದ್ಧದ ಮೂರೂ ಗೋಲು ಸ್ಟೆಫಾನ್ ವೇನ್ ಅವರವು. ಹಾಗಿದ್ದರೆ ಡಚ್ಚರು ತಮ್ಮ ಹಾಕಿ ಚರಿತ್ರೆಯ ದೊಡ್ಡ ಹೆಸರು ಯಾವುದು ಎಂದರೆ ಈ ಮನುಷ್ಯನ ಕಡೆ ಕೈ ತೋರಿಸುವುದು ಯಾಕೆ?

ಉತ್ತರ ಸ್ಕೋರ್ ಬೋರ್ಡಿನಲ್ಲಿ ಸಿಗುವುದಿಲ್ಲ. ಹಾಕಿ ಹೇಗೆ ನಡೆಯುತ್ತದೆ, ತೊಂಬತ್ತರ ದಶಕದ ನಡುವಿನಿಂದ ಅದು ಹೇಗೆ ಬದಲಾಯಿತು ಎಂದು ಅರ್ಥವಾದರೆ ಡಿ ನೋಯರ್ ಅರ್ಥವಾಗುತ್ತಾರೆ. ಅವರ ಹದಿನೆಂಟು ವರ್ಷದ ಆಟವನ್ನು ಹಿಡಿದುಕೊಂಡು ಹೊರಟರೆ ಹಾಕಿಯೂ ಅರ್ಥವಾಗುತ್ತದೆ.

ಮೊದಲು 453 ಎಂಬ ಸಂಖ್ಯೆ

1994ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಡಿ ನೋಯರ್ ದೇಶದ ಪರ ಮೊದಲ ಪಂದ್ಯ ಆಡಿದರು. 2012ರ ಲಂಡನ್ ಅವರ ಐದನೇ ಮತ್ತು ಕೊನೆಯ ಒಲಿಂಪಿಕ್ಸ್. ಅಂತರರಾಷ್ಟ್ರೀಯ ಪಂದ್ಯಗಳ ಮೊತ್ತ 453. ನೆದರ್ಲೆಂಡ್ಸ್‌ನಲ್ಲಿ ಈ ಸಂಖ್ಯೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಅವರ ಹಿಂದೆ ಇರುವವರು ಜೊತೆಗಾರ ಯೆರೂನ್ ಡೆಲ್ಮೀ, 401 ಪಂದ್ಯ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಸಂಖ್ಯೆ ಬೇಗ ತಲೆಗೆ ಹೋಗಬೇಕು. ಸಚಿನ್ ತೆಂಡೂಲ್ಕರ್ ಆಡಿದ ಏಕದಿನ ಪಂದ್ಯಗಳು 463, ಅದಕ್ಕೆ ಅವರು ತೆಗೆದುಕೊಂಡದ್ದು ಇಪ್ಪತ್ತಮೂರು ವರ್ಷ. ಡಿ ನೋಯರ್ ಹೆಚ್ಚುಕಡಿಮೆ ಅಷ್ಟೇ ಪಂದ್ಯಗಳನ್ನು ಹದಿನೆಂಟು ವರ್ಷದಲ್ಲಿ ಆಡಿದರು. ವರ್ಷಕ್ಕೆ ಸರಾಸರಿ ಇಪ್ಪತ್ತೈದು. ಹಾಕಿಯಲ್ಲಿ ಸ್ಲಿಪ್‌ನಲ್ಲಿ ನಿಂತು ಉಸಿರು ಬಿಡುವ ಅವಕಾಶ ಇಲ್ಲ. ಅವರ ಕಾಲದಲ್ಲಿ ಪಂದ್ಯ ಎಂದರೆ ತಲಾ 35 ನಿಮಿಷದ ಎರಡು ಅವಧಿ. ಡಿ ನೋಯರ್ ಹಾಗೆ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವವನು, ಆದವನಿಗೆ ಅದರಲ್ಲಿ ಬಹುಪಾಲು ಓಟವೇ.

ಹಾಕಿಯಲ್ಲಿ ಪಂದ್ಯಗಳ ಸಂಖ್ಯೆ ಹೀಗೆ ಬೆಳೆಯುವುದಕ್ಕೆ ಕಾರಣಗಳಿವೆ. ಒಲಿಂಪಿಕ್ಸ್, ವಿಶ್ವಕಪ್, ಯೂರೋಪ್ ಚಾಂಪಿಯನ್‌ಷಿಪ್, ಆಗ ಹೆಚ್ಚುಕಡಿಮೆ ಪ್ರತಿವರ್ಷ ನಡೆಯುತ್ತಿದ್ದ ಚಾಂಪಿಯನ್ಸ್ ಟ್ರೋಫಿ, ಇವುಗಳ ನಡುವೆ ಸ್ನೇಹಪರ ಪಂದ್ಯಗಳು, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಒಂದು ಪಂದ್ಯಾವಳಿಗೆ ಹೋದರೆ ಎರಡು ವಾರದಲ್ಲಿ ಆರೇಳು ಪಂದ್ಯ. 1992ರಿಂದ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಕಳಿಸುವ ನಿಯಮವೂ ಬಂದಿತ್ತು. ಎರಡು ನಿಮಿಷ ಬೆಂಚಿನಲ್ಲಿ ಕೂತು ನೀರು ಕುಡಿದು ಮತ್ತೆ ಇಳಿಯಬಹುದು. ಮೂವತ್ತು ದಾಟಿದವರ ಕಾಲು ಉಳಿದದ್ದರಲ್ಲಿ ಈ ನಿಯಮದ ಪಾಲೂ ಇದೆ ಅಂತ ನನ್ನ ಅನಿಸಿಕೆ. ಆದರೂ ನಿಯಮ ಎಲ್ಲರಿಗೂ ಒಂದೇ ಇತ್ತು. 453 ಆಡಿದ್ದು ಒಬ್ಬರೇ.

ಟರ್ಫ್ ಹುಟ್ಟಿದ ವರ್ಷದ ಹುಡುಗ

ಡಿ ನೋಯರ್ ಹುಟ್ಟಿದ್ದು 1976ರ ಮಾರ್ಚ್ 22ರಂದು, ಎಗ್ಮಂಡ್ ಆನ್ ಡೆನ್ ಹೂಫ್ ಎಂಬ ಸಣ್ಣ ಊರಿನಲ್ಲಿ. ಉತ್ತರ ಸಮುದ್ರದ ಪಕ್ಕ, ಆಲ್ಕ್‌ಮಾರ್ ನಗರದ ಹತ್ತಿರ. ಅದೇ ವರ್ಷ ಜುಲೈಯಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸಿನ ಮೇಲೆ ಆಡಿಸಿದರು. 1928ರಿಂದ ಹಾಕಿಯಲ್ಲಿ ಒಂದಲ್ಲ ಒಂದು ಪದಕ ತರುತ್ತಲೇ ಇದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಹೋಯಿತು. ನಮ್ಮಲ್ಲಿ ಟರ್ಫ್ ಎಂದ ಕೂಡಲೇ ಬರುವ ನಿಟ್ಟುಸಿರಿನ ಮೂಲ ಅದೇ.

ಹುಲ್ಲಿನ ಮೇಲೆ ಚೆಂಡು ನೆಗೆಯುತ್ತದೆ, ತಿರುಗುತ್ತದೆ. ಅದನ್ನು ಪಳಗಿಸುವ ಕೈಚಳಕಕ್ಕೆ ಅಲ್ಲಿ ಬೆಲೆ. ಟರ್ಫ್ ಮೇಲೆ ಚೆಂಡು ನೇರ ಹೋಗುತ್ತದೆ, ಜೋರಾಗಿ ಹೋಗುತ್ತದೆ. ಅಲ್ಲಿ ಪಾಸು, ಓಟ, ದಮ್ಮು ಮೇಲಾಯಿತು. ಡಿ ನೋಯರ್ ಟರ್ಫ್ ಕಾಲದ ಮಗು. ಆದರೂ ಅವರ ಆಟದಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಹಳೆಯ ಕಾಲದ ಕೈಚಳಕ: ಚೆಂಡನ್ನು ಎಡಕ್ಕೆ ಬಲಕ್ಕೆ ಎಳೆಯುತ್ತ ಎದುರಾಳಿಯನ್ನು ದಾಟುವುದು. ಜಗತ್ತಿನಾದ್ಯಂತ ಕೋಚ್‌ಗಳು ಈ ವರಸೆಯನ್ನು ಇವತ್ತಿಗೂ ‘ಇಂಡಿಯನ್ ಡ್ರಿಬಲ್’ ಎಂದೇ ಕಲಿಸುತ್ತಾರೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಾಕಿ ಸ್ಟಿಕ್ಕಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಉಬ್ಬು ಬದಿಯಿಂದ ಚೆಂಡು ಆಡುವಂತಿಲ್ಲ. ಎಡಗೈಯವರಿಗೆ ಬೇರೆ ಸ್ಟಿಕ್ಕೂ ಇಲ್ಲ. ಹಾಗಾಗಿ ಓಡುವ ಆಟಗಾರನ ಚೆಂಡು ಸಹಜವಾಗಿ ಅವನ ಬಲಗಾಲಿನ ಮುಂದೆ ಇರುತ್ತದೆ. ಎದುರಿಗೆ ನಿಂತ ಡಿಫೆಂಡರ್‌ಗೆ ಅದು ಎಡಬದಿ, ಅಂದರೆ ಸ್ಟಿಕ್ಕನ್ನು ತಲೆಕೆಳಗು ಮಾಡಿ ಹಿಡಿಯಬೇಕಾದ ದುರ್ಬಲ ಬದಿ. ಡಿಫೆಂಡರ್ ಅದನ್ನು ಕಾಯಲು ಎಡಕ್ಕೆ ವಾಲುತ್ತಾನೆ. ಆ ವಾಲಿದ ಕ್ಷಣದಲ್ಲೇ ಚೆಂಡನ್ನು ತನ್ನ ಎಡಕ್ಕೆ ಎಳೆದುಕೊಂಡರೆ ಡಿಫೆಂಡರ್‌ನ ತೂಕವೆಲ್ಲ ತಪ್ಪು ಕಾಲಿನ ಮೇಲೆ ಉಳಿಯುತ್ತದೆ. ಹೇಳುವುದು ಸುಲಭ. ಪೂರ್ತಿ ವೇಗದಲ್ಲಿ ಓಡುತ್ತ, ತಲೆ ಎತ್ತಿ ಜೊತೆಗಾರ ಎಲ್ಲಿದ್ದಾನೆ ಎಂದು ನೋಡುತ್ತ ಇದನ್ನು ಮಾಡುವವರು ಕಡಿಮೆ. ಡಿ ನೋಯರ್ ಅವರ ಹಳೆಯ ವಿಡಿಯೊ ಸಿಕ್ಕರೆ ಅವರ ಸ್ಟಿಕ್ಕನ್ನು ಬಿಟ್ಟು ಎದುರಾಳಿಯ ಪಾದಗಳನ್ನು ನೋಡಿ. ಯಾರು ಯಾವಾಗ ಮೋಸ ಹೋದರು ಎಂದು ಅಲ್ಲಿ ತಿಳಿಯುತ್ತದೆ.

ಆಫ್‌ಸೈಡ್ ಹೋದ ಮೇಲೆ

ಅವರ ವೃತ್ತಿಜೀವನದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಯಾವುದೋ ಪಂದ್ಯ ಅಂತ ನಾನು ಹೇಳುವುದಿಲ್ಲ. ಅದು ಒಂದು ನಿಯಮ ಸತ್ತದ್ದು. ಫುಟ್‌ಬಾಲ್‌ನಲ್ಲಿ ಇರುವ ಹಾಗೆ ಹಾಕಿಯಲ್ಲೂ ಆಫ್‌ಸೈಡ್ ಇತ್ತು. ಎದುರಾಳಿಯ ಗೋಲಿನ ಹತ್ತಿರ ಸುಮ್ಮನೆ ಹೋಗಿ ಕಾದು ನಿಲ್ಲುವ ಹಾಗಿರಲಿಲ್ಲ. ಮುಂದೆ ಡಿಫೆಂಡರ್‌ಗಳು ಇರಲೇಬೇಕಿತ್ತು. ಡಿಫೆಂಡರ್‌ಗಳು ಒಟ್ಟಿಗೆ ಮುಂದೆ ಸರಿದು ಫಾರ್ವರ್ಡ್‌ಗಳನ್ನು ಬಲೆಗೆ ಬೀಳಿಸುತ್ತಿದ್ದರು. ಆಟ ಮೈದಾನದ ನಡುವೆ ಗಿಜಿಗುಡುತ್ತಿತ್ತು, ಸೀಟಿ ಮೇಲೆ ಸೀಟಿ.

1996ರಲ್ಲಿ ಪ್ರಯೋಗ ಎಂದು ಶುರುವಾಗಿ 1998ರಲ್ಲಿ ಆಫ್‌ಸೈಡ್ ಕಾಯಂ ಆಗಿ ಹೋಯಿತು. ಈಗ ಒಬ್ಬ ಫಾರ್ವರ್ಡ್ ಗೋಲ್‌ಕೀಪರ್ ಪಕ್ಕದಲ್ಲೇ ನಿಂತರೂ ಕೇಳುವವರಿಲ್ಲ. ಅವನನ್ನು ಕಾಯಲು ಡಿಫೆಂಡರ್ ಹಿಂದೆ ಹೋಗಲೇಬೇಕು. ಹಿಂದೆ ಹೋದರೆ ನಡುವೆ ಜಾಗ ತೆರೆಯುತ್ತದೆ. 91.4 ಮೀಟರ್ ಉದ್ದದ ಮೈದಾನ ಆಗಿನವರೆಗೆ ಮಡಚಿಟ್ಟಂತೆ ಇದ್ದದ್ದು ಪೂರ್ತಿ ಬಿಚ್ಚಿಕೊಂಡಿತು. ಆ ಜಾಗದಲ್ಲಿ ಚೆಂಡು ಹಿಡಿದು ಇಪ್ಪತ್ತು ಮೂವತ್ತು ಮೀಟರ್ ಓಡಬಲ್ಲ, ಓಡುತ್ತಲೇ ಪಾಸು ಕೊಡಬಲ್ಲ ಮಿಡ್‌ಫೀಲ್ಡರ್‌ಗೆ ಚಿನ್ನದ ಬೆಲೆ ಬಂತು. ಆಗ ಡಿ ನೋಯರ್‌ಗೆ ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಇದಕ್ಕಿಂತ ಒಳ್ಳೆಯ ಸಮಯಕ್ಕೆ ಯಾರೂ ಬಂದಿರಲಾರರು. ಹಳೆಯ ನಿಯಮದಲ್ಲೇ ಪಳಗಿ ಮೂವತ್ತಾಗಿದ್ದವರು ಹೊಸದನ್ನು ಕಲಿಯುವಷ್ಟರಲ್ಲಿ ನಿವೃತ್ತಿ ಹತ್ತಿರ ಬಂದಿತ್ತು.

2009ರಲ್ಲಿ ಇನ್ನೊಂದು ನಿಯಮ ಬಂತು. ಎದುರಾಳಿ ತಪ್ಪು ಮಾಡಿದಾಗ ಸಿಗುವ ಫ್ರೀ ಹಿಟ್ ಪಡೆದವನು ಅದನ್ನು ಬೇರೆಯವರಿಗೆ ಹೊಡೆಯದೆ ತನಗೆ ತಾನೇ ಪಾಸು ಮಾಡಿಕೊಂಡು ಓಡಬಹುದು. ಆಟ ನಿಲ್ಲುವುದೇ ಕಡಿಮೆಯಾಯಿತು. ಡಿ ನೋಯರ್‌ಗೆ ಆಗ ಮೂವತ್ತಮೂರು. ಆ ವಯಸ್ಸಿನಲ್ಲಿ ಆಟ ಇನ್ನೂ ಜೋರಾದರೂ ಅವರ ಜಾಗ ಹೋಗಲಿಲ್ಲ.

ಗೋಲು ಹೊಡೆದವನು, ಗೋಲು ತಂದವನು

ಈಗ ಗೋಲು ಪಟ್ಟಿಯ ಮಾತು. ಅಟ್ಲಾಂಟಾದಲ್ಲಿ ಬೋವೆಲಾಂಡರ್ ಪೆನಾಲ್ಟಿ ಕಾರ್ನರ್‌ನಿಂದ ಎದುರಾಳಿಗಳ ನಿದ್ದೆ ಕೆಡಿಸಿದ್ದರು. ಪೆನಾಲ್ಟಿ ಕಾರ್ನರ್ ಟಿವಿಯಲ್ಲಿ ನೋಡಿದವರಿಗೂ ಪೂರ್ತಿ ಗೊತ್ತಿರುವುದಿಲ್ಲ, ಹಾಗಾಗಿ ಒಂದು ನಿಮಿಷ.

ಗೋಲಿನ ಮುಂದೆ ‘ಡಿ’ ಆಕಾರದ ಗೆರೆ ಇರುತ್ತದಲ್ಲ, ಅದರ ಒಳಗಿನಿಂದ ಹೊಡೆದರಷ್ಟೇ ಗೋಲು. ಡಿ ಒಳಗೆ ಡಿಫೆಂಡರ್ ತಪ್ಪು ಮಾಡಿದರೆ, ಉದಾಹರಣೆಗೆ ಚೆಂಡು ಅವನ ಕಾಲಿಗೆ ತಗುಲಿದರೆ, ಪೆನಾಲ್ಟಿ ಕಾರ್ನರ್. ಗೋಲುಕಂಬದಿಂದ ಹತ್ತು ಮೀಟರ್ ದೂರ, ಹಿಂಗೆರೆಯ ಮೇಲೆ ಚೆಂಡು ಇಟ್ಟು ಒಬ್ಬ ಅದನ್ನು ಡಿ ಹೊರಗೆ ತಳ್ಳುತ್ತಾನೆ. ಅಲ್ಲಿ ಒಬ್ಬ ನಿಲ್ಲಿಸುತ್ತಾನೆ, ಇನ್ನೊಬ್ಬ ಒಳಗೆಳೆದು ಹೊಡೆಯುತ್ತಾನೆ. ಗೋಲ್‌ಕೀಪರ್ ಸೇರಿ ಐವರು ಮಾತ್ರ ತಡೆಯಬಹುದು. ಉಳಿದವರು ಮೈದಾನದ ನಡುಗೆರೆಯ ಆಚೆ ನಿಂತಿರಬೇಕು. ಬೀಸಿ ಹೊಡೆದರೆ ಆ ಮೊದಲ ಹೊಡೆತ ಗೋಲುಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲೆ ಇರುವಂತಿಲ್ಲ. ಅಂದರೆ ಗೋಲಿನ ಹಿಂದಿನ ಮರದ ಹಲಗೆಯಷ್ಟೇ ಎತ್ತರ. ಆದರೆ ಸ್ಟಿಕ್ಕಿಗೆ ಚೆಂಡು ಅಂಟಿಸಿಕೊಂಡಂತೆ ಎಳೆದು ಎಸೆದರೆ ಎತ್ತರಕ್ಕೆ ಮಿತಿಯಿಲ್ಲ. ಡ್ರ್ಯಾಗ್ ಫ್ಲಿಕ್ ಬಂದದ್ದೇ ಈ ಸಂದಿಯಿಂದ. 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಗೋಲಿನ ಮೇಲಿನ ಮೂಲೆಗಳೆಲ್ಲ ಆಗ ತೆರೆದುಕೊಂಡವು.

ಡಚ್ಚರ ಹತ್ತಿರ ಈ ಕೆಲಸಕ್ಕೆ ಯಾವಾಗಲೂ ಒಬ್ಬ ಇರುತ್ತಿದ್ದ. ಬೋವೆಲಾಂಡರ್ ಹೋದರೆ ಲೋಮನ್ಸ್, ಲೋಮನ್ಸ್ ಹೋದರೆ ಟಾಕೆ ಟಾಕೆಮಾ, ಆಮೇಲೆ ಮಿಂಕ್ ವಾನ್ ಡರ್ ವೇರ್ಡನ್. ಮರುದಿನದ ಪತ್ರಿಕೆಯಲ್ಲಿ ಹೆಸರು ಬರುವುದು ಇವರದೇ. ಆದರೆ ಪೆನಾಲ್ಟಿ ಕಾರ್ನರ್ ತಾನಾಗಿ ಸಿಗುವುದಿಲ್ಲ. ಯಾರೋ ಚೆಂಡು ಹಿಡಿದು ಡಿ ಒಳಗೆ ನುಗ್ಗಿ ಡಿಫೆಂಡರ್‌ಗೆ ತಪ್ಪು ಮಾಡದೆ ದಾರಿಯಿಲ್ಲ ಎನ್ನುವ ಹಾಗೆ ಮಾಡಬೇಕು. ಚೆಂಡು ಬೇಕೆಂದೇ ಡಿಫೆಂಡರ್‌ನ ಪಾದಕ್ಕೆ ಹೋಗುವಂತೆ ಆಡುವುದೂ ಈ ಕಲೆಯ ಭಾಗವೇ, ಸ್ವಲ್ಪ ಕಿಲಾಡಿತನ. ಡಿ ನೋಯರ್ ಬೆಲೆ ತಿಳಿಯುವುದು ಅಲ್ಲಿ. ಗೋಲು ಹೊಡೆದವನ ಹೆಸರು ದಾಖಲೆಗೆ ಹೋಗುತ್ತದೆ, ಅದಕ್ಕೆ ಮೊದಲಿನ ಹತ್ತು ಸೆಕೆಂಡು ದಾಖಲೆಗೆ ಹೋಗುವುದಿಲ್ಲ. 2006ರಲ್ಲಿ ಏಳನೇ ಸ್ಥಾನದ ತಂಡದವನಿಗೆ ಪ್ರಶಸ್ತಿ ಹೋದಾಗ ಗೊಣಗಿದವರಿಗೆ ಇಷ್ಟು ಹೇಳಿದರೆ ಸಾಕು ಅನಿಸುತ್ತದೆ. ಹಾಗೆ ನೋಡಿದರೆ ಅದೇ ವರ್ಷ ಚಾಂಪಿಯನ್ಸ್ ಟ್ರೋಫಿ ಗೆದ್ದದ್ದು ನೆದರ್ಲೆಂಡ್ಸೇ.

ಹಾಗಂತ ಅವರು ಗೋಲೇ ಹೊಡೆಯದವರಲ್ಲ. 1998ರ ವಿಶ್ವಕಪ್ ಸ್ವಂತ ನೆಲದಲ್ಲಿ, ಉಟ್ರೆಕ್ಟ್ ನಗರದಲ್ಲಿ ನಡೆಯಿತು. ಪುರುಷರದೂ ಮಹಿಳೆಯರದೂ ಒಟ್ಟಿಗೆ. ಮಹಿಳೆಯರು ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 2-3ರಿಂದ ಸೋತರು. ಪುರುಷರ ಫೈನಲ್‌ನಲ್ಲಿ ಮತ್ತೆ ಸ್ಪೇನ್. ನಿಗದಿತ ಅವಧಿಗೆ 2-2. ಆಗ ಗೋಲ್ಡನ್ ಗೋಲ್ ನಿಯಮ ಇತ್ತು. ಹೆಚ್ಚುವರಿ ಅವಧಿಯಲ್ಲಿ ಯಾರು ಮೊದಲು ಗೋಲು ಹೊಡೆಯುತ್ತಾರೋ ಅಲ್ಲಿಗೆ ಪಂದ್ಯ ಮುಗಿಯಿತು, ಎದುರಾಳಿಗೆ ತಿರುಗಿ ಹೊಡೆಯುವ ಅವಕಾಶವೇ ಇಲ್ಲ. ಆ ಒಂದು ಗೋಲನ್ನು ಹೊಡೆದದ್ದು ಇಪ್ಪತ್ತೆರಡರ ಡಿ ನೋಯರ್. ನೆದರ್ಲೆಂಡ್ಸ್‌ಗೆ ಮೂರನೇ ವಿಶ್ವಕಪ್.

ಅದೇ ನಿಯಮ ಆರು ವರ್ಷದ ನಂತರ ತಿರುಗಿ ಬಂದು ಕಚ್ಚಿತು. 2004ರ ಅಥೆನ್ಸ್ ಫೈನಲ್, ಎದುರಿಗೆ ಆಸ್ಟ್ರೇಲಿಯಾ, ಮತ್ತೆ ಹೆಚ್ಚುವರಿ ಅವಧಿ. ಈ ಸಲ ಗೋಲ್ಡನ್ ಗೋಲ್ ಹೊಡೆದದ್ದು ಜೇಮಿ ಡ್ವಯರ್. ಆಸ್ಟ್ರೇಲಿಯಾ 2-1. ಮೂರನೇ ಸತತ ಚಿನ್ನ ಕೈತಪ್ಪಿ ಬೆಳ್ಳಿ ಉಳಿಯಿತು. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಡ್ವಯರ್‌ಗೇ ಹೋಯಿತು. ಒಟ್ಟು ಐದು ಸಲ ಅದನ್ನು ಗೆದ್ದ ಡ್ವಯರ್ ಮುಂದೆ ಡಿ ನೋಯರ್ ಜೊತೆಗೇ ಒಂದೇ ಕ್ಲಬ್ಬಿನಲ್ಲಿ ಆಡಿದರು ಎಂಬುದು ಹಾಕಿ ಲೋಕದ ತಮಾಷೆಗಳಲ್ಲೊಂದು.

ಬ್ಲೂಮೆಂಡಾಲ್ ಎಂಬ ಕ್ಲಬ್

ಆ ಕ್ಲಬ್ಬಿನ ಹೆಸರು ಬ್ಲೂಮೆಂಡಾಲ್. ಹಾರ್ಲೆಮ್ ನಗರದ ಪಕ್ಕದ, ಮರಗಳ ನಡುವಿನ ಊರು. ಡಚ್ ಹಾಕಿ ಯಾಕೆ ಬತ್ತುವುದಿಲ್ಲ ಎಂದು ಕೇಳುವವರು ರಾಷ್ಟ್ರೀಯ ತಂಡವನ್ನು ನೋಡದೆ ಇಂಥ ಕ್ಲಬ್ಬನ್ನು ನೋಡಬೇಕು. ನೆದರ್ಲೆಂಡ್ಸ್‌ನ ಹಾಕಿ ಸಂಸ್ಥೆ ಹುಟ್ಟಿದ್ದು 1898ರಲ್ಲಿ. ಒಂದೂಮುಕ್ಕಾಲು ಕೋಟಿ ಜನರ ದೇಶದಲ್ಲಿ ನೋಂದಾಯಿತ ಆಟಗಾರರು ಎರಡು ಲಕ್ಷಕ್ಕೂ ಹೆಚ್ಚು, ಕ್ಲಬ್ಬುಗಳು ಮುನ್ನೂರಕ್ಕೂ ಹೆಚ್ಚು. ಶನಿವಾರ ಮಕ್ಕಳ ಪಂದ್ಯ, ಭಾನುವಾರ ದೊಡ್ಡವರದು. ಕೋಚಿಂಗ್, ಅಂಪೈರಿಂಗ್, ಕ್ಯಾಂಟೀನಿನಲ್ಲಿ ಕಾಫಿ ಕೊಡುವುದು, ಬಹಳಷ್ಟು ಕೆಲಸ ಅಪ್ಪ ಅಮ್ಮಂದಿರೇ ಸಂಬಳವಿಲ್ಲದೆ ಮಾಡುತ್ತಾರೆ. ಒಲಿಂಪಿಕ್ ಚಿನ್ನ ಗೆದ್ದವರು ಆಡುವ ಟರ್ಫ್ ಮೇಲೆಯೇ ಬೆಳಿಗ್ಗೆ ಎಂಟು ವರ್ಷದ ಮಕ್ಕಳು ಆಡಿ ಹೋಗಿರುತ್ತಾರೆ.

ಕೊಡಗಿನವರಿಗೆ ಇದು ಅಪರಿಚಿತ ಅನಿಸಲಿಕ್ಕಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಒಂದು ಮನೆತನದ ಅಜ್ಜ, ಮಗಳು, ಮೊಮ್ಮಗ ಒಂದೇ ತಂಡದಲ್ಲಿ ಇಳಿಯುತ್ತಾರೆ. ವ್ಯತ್ಯಾಸ ಇಷ್ಟೇ: ನಮ್ಮದು ವರ್ಷಕ್ಕೊಮ್ಮೆ ಬರುವ ಹಬ್ಬ, ಅವರದು ಪ್ರತಿ ವಾರಾಂತ್ಯದ ಲೀಗ್. ಮೇಲಿನ ದರ್ಜೆಯಲ್ಲಿ ಹನ್ನೆರಡು ತಂಡ, ಅಲ್ಲಿ ಸೋತರೆ ಕೆಳಗಿನ ದರ್ಜೆಗೆ ಇಳಿಯುವ ಭಯ. ಡ್ವಯರ್ ಥರದವರು, ಪಾಕಿಸ್ತಾನದ ಡ್ರ್ಯಾಗ್ ಫ್ಲಿಕ್ ದೊರೆ ಸೊಹೈಲ್ ಅಬ್ಬಾಸ್ ಥರದವರು ಬಂದು ಆಡುತ್ತಿದ್ದದ್ದು ಈ ಲೀಗಿನಲ್ಲೇ. ಡಿ ನೋಯರ್ ವಾರ ವಾರ ಎದುರಿಸುತ್ತಿದ್ದದ್ದು ಇಂಥವರನ್ನು. ವರ್ಷಕ್ಕೆ ಇಪ್ಪತ್ತೈದು ಅಂತರರಾಷ್ಟ್ರೀಯ ಪಂದ್ಯ ಎಂದೆನಲ್ಲ, ಕ್ಲಬ್ ಪಂದ್ಯಗಳು ಅದರ ಮೇಲೆ.

ಬ್ಲೂಮೆಂಡಾಲ್ 2009ರಲ್ಲಿ ಯೂರೋಪಿನ ಕ್ಲಬ್ಬುಗಳ ಯೂರೋ ಹಾಕಿ ಲೀಗ್ ಗೆದ್ದಿತು, 2013ರಲ್ಲಿ ಮತ್ತೊಮ್ಮೆ. ದುಡ್ಡು ಮಾತ್ರ ಫುಟ್‌ಬಾಲ್‌ಗೆ ಹೋಲಿಸುವ ಹಾಗೇ ಇಲ್ಲ. ಅಲ್ಲಿ ಹಾಕಿ ಆಡುವವರಲ್ಲಿ ಬಹುತೇಕರು ಜೊತೆಗೇ ಓದುತ್ತಾರೆ, ಇಲ್ಲವೇ ಇನ್ನೊಂದು ಕೆಲಸ ಹಿಡಿದಿರುತ್ತಾರೆ.

ಜರ್ಮನಿ ಎಂಬ ಗೋಡೆ

2008ರ ಬೀಜಿಂಗ್ ಬೇಗ ಹೇಳಿ ಮುಗಿಸಬಹುದು. ಸೆಮಿಫೈನಲ್‌ನಲ್ಲಿ ಜರ್ಮನಿ ಜೊತೆ 1-1, ಗೋಲ್‌ಕೀಪರ್ ಒಬ್ಬನನ್ನೇ ಎದುರಿಗಿಟ್ಟು ಹೊಡೆಯುವ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋಲು. ಕಂಚಿನ ಪಂದ್ಯದಲ್ಲಿ ಆಸ್ಟ್ರೇಲಿಯಾ ಆರು ಗೋಲು ಬಾರಿಸಿತು. ಡಿ ನೋಯರ್ ಬರಿಗೈಯಲ್ಲಿ ಮರಳಿದ ಒಂದೇ ಒಲಿಂಪಿಕ್ಸ್ ಅದು. ಅವರ ಪತ್ನಿಯೂ ಹಾಕಿ ಆಟಗಾರ್ತಿ, ಅದೂ ಜರ್ಮನಿಗೆ ಆಡಿದವರು. ಮನೆಯಲ್ಲಿ ಆ ರಾತ್ರಿಯ ಮಾತುಕತೆ ಏನಿತ್ತೋ.

2012 ಮಾತ್ರ ಬಿಡಿಸಿ ಹೇಳಬೇಕಾದ್ದು. ಆಗ ಡಚ್ ತಂಡದ ಕೋಚ್ ಪಾಲ್ ವಾನ್ ಆಸ್. ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ ಅವರು ಡಿ ನೋಯರ್ ಮತ್ತು ಟಾಕೆಮಾ ಇಬ್ಬರನ್ನೂ ತಂಡದ ಗುಂಪಿನಿಂದ ಹೊರಗಿಟ್ಟರು. ಒಬ್ಬರು ದೇಶದ ಪರ ಅತಿ ಹೆಚ್ಚು ಪಂದ್ಯ ಆಡಿದವರು, ಇನ್ನೊಬ್ಬರು ವರ್ಷಗಟ್ಟಲೆ ಪೆನಾಲ್ಟಿ ಕಾರ್ನರ್ ಹೊಣೆ ಹೊತ್ತವರು. ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ. ನಮ್ಮಲ್ಲಿ ಒಬ್ಬ ಹಿರಿಯ ಕ್ರಿಕೆಟಿಗನನ್ನು ವಿಶ್ವಕಪ್‌ಗೆ ಮೊದಲು ಕೈಬಿಟ್ಟರೆ ಏನಾಗುತ್ತದೋ ಅದೇ.

ವಾನ್ ಆಸ್ ಅವರದು ಹುಚ್ಚುತನವಾಗಿರಲಿಲ್ಲ. ಹದಿನೈದು ವರ್ಷ ಎಲ್ಲ ಚೆಂಡೂ ಒಬ್ಬನ ಮೂಲಕ ಹೋದರೆ ಕಿರಿಯರು ಆ ಒಬ್ಬನಿಗೆ ಚೆಂಡು ಕೊಟ್ಟು ಸುಮ್ಮನಿರುವುದನ್ನು ಕಲಿಯುತ್ತಾರೆ. ಆಟ ಹಂಚಿಹೋಗಬೇಕಾದರೆ ದೊಡ್ಡ ಮರ ಸ್ವಲ್ಪ ದಿನ ಇಲ್ಲದಿರಬೇಕು. ಕೋಚ್ ಆದವನಿಗೆ ಇದು ಅರ್ಥವಾಗುವ ಲೆಕ್ಕ. ಆದರೆ ಆ ಲೆಕ್ಕ ಅರ್ಧಕ್ಕೇ ಬದಲಾಯಿತು. ಕೆಲವು ವಾರಗಳ ನಂತರ ಡಿ ನೋಯರ್‌ಗೆ ಬಾಗಿಲು ಮತ್ತೆ ತೆರೆಯಿತು, ಟಾಕೆಮಾಗೆ ತೆರೆಯಲಿಲ್ಲ. ಪೆನಾಲ್ಟಿ ಕಾರ್ನರ್ ಹೊಡೆಯಲು ಅಷ್ಟರಲ್ಲಿ ವಾನ್ ಡರ್ ವೇರ್ಡನ್ ಸಿದ್ಧನಾಗಿದ್ದ. ಡಿ ನೋಯರ್ ಮಾಡುತ್ತಿದ್ದ ಕೆಲಸಕ್ಕೆ ಬದಲಿ ಸಿಕ್ಕಿರಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ. ಗೋಲು ಹೊಡೆಯುವವನಿಗಿಂತ ಗೋಲು ತರುವವನಿಗೆ ಬದಲಿ ಹುಡುಕುವುದು ಕಷ್ಟ.

ಮೂವತ್ತಾರರ ವಯಸ್ಸಿನಲ್ಲಿ ಅವರು ಲಂಡನ್‌ಗೆ ಹೋದರು. ಗುಂಪು ಹಂತದ ಮೊದಲ ಪಂದ್ಯದಲ್ಲೇ ಎದುರಿಗೆ ಭಾರತ. ಎರಡು ಗೋಲು ಹಿಂದೆ ಬಿದ್ದಿದ್ದ ಭಾರತ 2-2 ಮಾಡಿತು, ನಮ್ಮ ಎದೆ ಹೊಡೆದುಕೊಳ್ಳತೊಡಗಿತು, ಕೊನೆಗೆ 3-2 ನೆದರ್ಲೆಂಡ್ಸ್. ಆ ಭಾರತ ತಂಡದಲ್ಲಿ ಕೊಡಗಿನವರು ಮೂವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ. ಡಚ್ಚರು ಗುಂಪಿನ ಐದೂ ಪಂದ್ಯ ಗೆದ್ದರು, ಜರ್ಮನಿಯನ್ನೂ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಬ್ರಿಟನ್ ತಂಡಕ್ಕೆ ಅವರದೇ ಪ್ರೇಕ್ಷಕರ ಮುಂದೆ 9-2ರ ಹೊಡೆತ. ಒಲಿಂಪಿಕ್ ಸೆಮಿಫೈನಲ್‌ನಲ್ಲಿ ಒಂಬತ್ತು ಗೋಲು! ಫೈನಲ್‌ನಲ್ಲಿ ಮತ್ತದೇ ಜರ್ಮನಿ. ಯಾನ್ ಫಿಲಿಪ್ ರಾಬೆಂಟೆ ಎರಡು ಗೋಲು ಹೊಡೆದ, ಎರಡನೆಯದು ಪಂದ್ಯ ಮುಗಿಯಲು ನಾಲ್ಕೈದು ನಿಮಿಷ ಇರುವಾಗ. ಜರ್ಮನಿ 2-1. ಡಿ ನೋಯರ್ ಕೊರಳಿಗೆ ಎರಡನೇ ಬೆಳ್ಳಿ.

ಎರಡು ಚಿನ್ನ, ಎರಡು ಬೆಳ್ಳಿ. ಪುರುಷರ ಹಾಕಿಯಲ್ಲಿ ನಾಲ್ಕು ಒಲಿಂಪಿಕ್ ಪದಕ ಎಂದರೆ ನಮ್ಮ ಲೆಸ್ಲಿ ಕ್ಲಾಡಿಯಸ್ ಮತ್ತು ಉಧಮ್ ಸಿಂಗ್ ಇರುವ ಸಾಲು. ಅವರಿಬ್ಬರಿಗೂ ಮೂರು ಚಿನ್ನ, ಒಂದು ಬೆಳ್ಳಿ.

ಲಖನೌ, ಬೆಂಗಳೂರು, ಮತ್ತೆ ಆಮ್‌ಸ್ಟೆಲ್‌ವೀನ್

ಲಂಡನ್ ಮುಗಿದು ಆರು ತಿಂಗಳಿಗೆ ಡಿ ನೋಯರ್ ಭಾರತದಲ್ಲಿದ್ದರು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ಲಖನೌ ಮೂಲದ ಉತ್ತರ ಪ್ರದೇಶ ವಿಜರ್ಡ್ಸ್ ಅವರನ್ನು ಹರಾಜಿನಲ್ಲಿ ಕೊಂಡಿತ್ತು. ಆ ತಂಡದ ನಾಯಕ ಯಾರು? ಲಂಡನ್‌ನಲ್ಲಿ ಎದುರಾಳಿಯಾಗಿದ್ದ ಕೊಡಗಿನ ರಘುನಾಥ್. ರಘುನಾಥ್ ಡ್ರ್ಯಾಗ್ ಫ್ಲಿಕ್ ಪರಿಣತ, ಡಿ ನೋಯರ್ ಕಾರ್ನರ್ ಸಂಪಾದಿಸಿ ಕೊಡುವವರು. ಬೋವೆಲಾಂಡರ್ ಕಾಲದಿಂದ ಮಾಡಿಕೊಂಡು ಬಂದ ಕೆಲಸವೇ, ಪಕ್ಕದಲ್ಲಿ ನಿಂತವನು ಮಾತ್ರ ಈಗ ಕನ್ನಡ ನಾಡಿನವನು. ವಿಜರ್ಡ್ಸ್ ಆ ವರ್ಷ ಮೂರನೇ ಸ್ಥಾನ ಪಡೆಯಿತು.

ಡಿ ನೋಯರ್ ಅವರ ಕೋಚ್‌ಗಳೂ ಹಿಂದೆ ಹಿಂದೆಯೇ ಬಂದರು. ಅಟ್ಲಾಂಟಾ ಚಿನ್ನ ಮತ್ತು ಉಟ್ರೆಕ್ಟ್ ವಿಶ್ವಕಪ್ ಎರಡರಲ್ಲೂ ಡಚ್ ತಂಡವನ್ನು ನಡೆಸಿದ್ದ ರೋಲಂಟ್ ಓಲ್ಟ್‌ಮನ್ಸ್ 2013ರಲ್ಲಿ ಭಾರತೀಯ ಹಾಕಿಯ ಹೊಣೆ ಹೊತ್ತು ಬಂದು, 2015ರಿಂದ 2017ರವರೆಗೆ ಮುಖ್ಯ ಕೋಚ್ ಆಗಿದ್ದರು. ಅವರಿಗೆ ಮೊದಲು 2015ರಲ್ಲಿ ಕೆಲವು ತಿಂಗಳು ಆ ಕುರ್ಚಿಯಲ್ಲಿ ಕೂತಿದ್ದವರು ಡಿ ನೋಯರ್‌ರನ್ನು ಹೊರಗಿಟ್ಟು ಒಳಗೆ ಕರೆದ ಅದೇ ವಾನ್ ಆಸ್. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಟರ್ಫ್ ಮೇಲೆ ಡಚ್ ಧಾಟಿಯ ಇಂಗ್ಲಿಷಿನಲ್ಲಿ ಕೂಗುವುದು ಅಷ್ಟು ಹೊತ್ತಿಗೆ ಮಾಮೂಲಾಗಿತ್ತು. ಟೋಕಿಯೊದಲ್ಲಿ ನಮ್ಮ ಮಹಿಳಾ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದ ಶೋರ್ಡ್ ಮರೈನ್ ಕೂಡ ಡಚ್ಚರೇ.

ಕೊಡಗಿಗೂ ಡಚ್ಚರಿಗೂ ಇದಕ್ಕಿಂತ ಹಳೆಯ ಒಂದು ಲೆಕ್ಕವೂ ಇದೆ. 1973ರ ವಿಶ್ವಕಪ್ ಫೈನಲ್, ಆಮ್‌ಸ್ಟೆಲ್‌ವೀನ್. ಭಾರತದ ನಾಯಕ ಕೊಡಗಿನ ಎಂ.ಪಿ. ಗಣೇಶ್. ಸುರ್ಜಿತ್ ಸಿಂಗ್ ಎರಡು ಗೋಲಿನಿಂದ 2-0 ಮುನ್ನಡೆ, ಟೀಸ್ ಕ್ರೌಸೆ ಎರಡು ಹೊಡೆದು 2-2. ಹೆಚ್ಚುವರಿ ಅವಧಿಯಲ್ಲಿ, ಒಂದು ಗೋಲು ಬಿದ್ದರೆ ಪಂದ್ಯ ಮುಗಿಯುವ ಹಂತದಲ್ಲಿ, ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆದದ್ದು ಕೊಡಗಿನವರೇ ಆದ ಬಿ.ಪಿ. ಗೋವಿಂದ. ಅದು ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳ ಸರಣಿಯಲ್ಲಿ ನೆದರ್ಲೆಂಡ್ಸ್ 4-2ರಿಂದ ಗೆದ್ದು ಮೊದಲ ಸಲ ವಿಶ್ವ ಚಾಂಪಿಯನ್ ಆಯಿತು. ಡಿ ನೋಯರ್ ಹುಟ್ಟಲು ಆಗ ಇನ್ನೂ ಎರಡೂವರೆ ವರ್ಷ ಇತ್ತು.

ಸಿಡ್ನಿಯ ನಂತರ ಡಚ್ ಪುರುಷರಿಗೆ ಒಲಿಂಪಿಕ್ ಚಿನ್ನ ಮತ್ತೆ ಸಿಕ್ಕಿದ್ದು 2024ರ ಪ್ಯಾರಿಸ್‌ನಲ್ಲಿ, ಇಪ್ಪತ್ತನಾಲ್ಕು ವರ್ಷ ಕಳೆದು. ಫೈನಲ್‌ನಲ್ಲಿ ಎದುರಿಗೆ ಜರ್ಮನಿಯೇ ಇತ್ತು. 1-1, ಆಮೇಲೆ ಶೂಟೌಟ್. ಆ ದಿನ ಡಚ್ ತಂಡದ ಕೋಚ್ ಆಗಿದ್ದವರು 401 ಪಂದ್ಯಗಳ ಯೆರೂನ್ ಡೆಲ್ಮೀ.